ಹದಿನೈದು ದಿನ ಹಿಂದಿನ ಪುಟ

ಮಂಡ್ಯದಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ ಇದೆ. 2019ರ ಬೇಸಿಗೆ. ಯಜಮಾನರೊಬ್ಬರು ಆಧಾರ್ ಕಾರ್ಡಿನ ಜೆರಾಕ್ಸ್ ತಗೊಂಡು ಹೋದವರು ಎರಡೇ ನಿಮಿಷಕ್ಕೆ ವಾಪಸ್ ಬಂದರು. ಹಾಳೆಯನ್ನು ಕೌಂಟರ್ ಮೇಲಿಟ್ಟು ಫೋಟೋ ಮೇಲೆ ಬೆರಳಿಟ್ಟರು.

"ಏನಪ್ಪಾ, ನನ್ನ ತಲೆ ತುಂಬ ಹೊಟ್ಟು ಬಂದಂಗೈತಲ್ಲ?"

ನೋಡಿದೆ. ಹೌದು. ಅವರ ಕರಿಕೂದಲ ಮೇಲೆ ಐದಾರು ಬಿಳಿ ಚುಕ್ಕೆ. ಮೆಷಿನ್ ಮುಚ್ಚಳ ಎತ್ತಿದರೆ ಗಾಜಿನ ಮೇಲೆ ಅಕ್ಕಿ ನುಚ್ಚು ಚೆಲ್ಲಿದ ಹಾಗೆ ಸಣ್ಣ ಸಣ್ಣ ಬಿಳಿ ಪೊರೆ. ಎಲ್ಲಾ ನನ್ನ ಮೊಣಕೈಯಿಂದ ಉದುರಿದ್ದು.

ಬಟ್ಟೆಯಲ್ಲಿ ಗಾಜು ಒರೆಸಿ ಇನ್ನೊಂದು ಪ್ರತಿ ತೆಗೆದುಕೊಟ್ಟೆ. ದುಡ್ಡು ಬೇಡ ಅಂದೆ. ಅವರು ಹೋದ ಮೇಲೆ ಷಟರ್ ಅರ್ಧಕ್ಕೆ ಎಳೆದು ಸುಮ್ನೆ ಕೂತುಬಿಟ್ಟೆ.

ಮೊಣಕೈಯಲ್ಲಿ ಶುರುವಾಗಿದ್ದು 2017ರಲ್ಲಿ. ಆಗ ನನಗೆ 32 ವರ್ಷ. ಮೊದಲು ಎಂಟಾಣೆ ಅಗಲದ ಕೆಂಪು ಮಚ್ಚೆ, ಅದರ ಮೇಲೆ ಬಿಳಿ ಹೊಟ್ಟು. ಎರಡು ವರ್ಷದಲ್ಲಿ ಮೊಣಕೈ, ಮಂಡಿ, ಸೊಂಟ, ತಲೆ ಅಂತ ಎಲ್ಲಾ ಕಡೆ ಬೀಡು ಬಿಟ್ಟಿತ್ತು. ಅಷ್ಟರಲ್ಲಿ ಅದಕ್ಕೆ ನಾಲ್ಕು ಹೆಸರೂ ಸಿಕ್ಕಿದ್ದವು. ಔಷಧಿ ಅಂಗಡಿಯ ಹುಡುಗ ಹುಳುಕಡ್ಡಿ ಅಂದ. ಕಟಿಂಗ್ ಶಾಪಿನವರು ಇಸುಬು ಅಂದರು. ಸೋದರಮಾವ ರಕ್ತ ಕೆಟ್ಟಿದೆ ಅಂದರು. ಅವ್ವನಿಗಂತೂ ಅನುಮಾನವೇ ಇರಲಿಲ್ಲ. "ನಂಜು ಕಣ್ಲಾ ಇದು."

ನಮ್ಮ ಕಡೆಯವರಿಗೆ ನಂಜು ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಬದನೆಕಾಯಿ ನಂಜು, ಕುಂಬಳಕಾಯಿ ನಂಜು, ಒಣಮೀನು ನಂಜು, ಕಡಲೆಕಾಯಿ ಬೀಜ ನಂಜು. ಗಾಯ ಮಾಯದಿದ್ದರೂ ನಂಜು, ಮೈ ಕೆರೆದರೂ ನಂಜು. ನನ್ನ ಮೈ ಕೆಂಪಾದ ದಿನವೆಲ್ಲ ಅವ್ವ ಕೇಳುತ್ತಿದ್ದುದು ಒಂದೇ ಪ್ರಶ್ನೆ. "ನಿನ್ನೆ ಏನ್ಲಾ ತಿಂದೆ?" ನಿನ್ನೆ ಏನಾದರೂ ತಿಂದೇ ಇರುತ್ತೀವಿ ಅಲ್ವಾ? ಹಾಗಾಗಿ ಪ್ರತಿ ಸಲವೂ ಒಬ್ಬ ಕಳ್ಳ ಸಿಗುತ್ತಿದ್ದ. ಮೊದಲು ಬದನೆಕಾಯಿ ಹೋಯಿತು. ಆಮೇಲೆ ಕಡಲೆಕಾಯಿ ಬೀಜ. ಆಮೇಲೆ ಮೀನು, ಮೊಟ್ಟೆ, ಹುಳಿ. ಒಂದು ಹಂತದಲ್ಲಿ ಮುದ್ದೆ, ಸೊಪ್ಪಿನ ಬಸ್ಸಾರು, ಮಜ್ಜಿಗೆ ಇಷ್ಟೇ ಉಳಿದಿದ್ದು. ಮೈಸೂರಿನಿಂದ ಅಕ್ಕ ಈರನಗೆರೆ ಬದನೆ ತಂದು ಎಣ್ಣೆಗಾಯಿ ಮಾಡಿದರೆ ನಾನು ಎದ್ದು ಹಿತ್ತಲಿಗೆ ಹೋಗುತ್ತಿದ್ದೆ. ಒಂದೂವರೆ ವರ್ಷ ಹೀಗೇ. ಮಚ್ಚೆ ಮಾತ್ರ ಅದರ ಪಾಡಿಗೆ ಅದು ಬೆಳೆಯುತ್ತಿತ್ತು.

ಅವ್ವ ನಂಜನಗೂಡಿಗೆ ಹರಕೆ ಹೊತ್ತಳು. "ನಂಜನ್ನೇ ಉಂಡೋನ್ಗೆ ನಿನ್ ನಂಜು ಯಾವ್ ಲೆಕ್ಕ?" ಅಂದಳು. ಆ ಮಾತಿಗೆ ಎದುರು ಹೇಳೋಕೆ ನನ್ನ ಹತ್ತಿರ ಏನೂ ಇರಲಿಲ್ಲ. ಹೋದೆವು, ಕಪಿಲೆಯಲ್ಲಿ ಮುಳುಗಿದೆವು, ಬಂದೆವು. ಅವ್ವನ ಮನಸ್ಸಿಗೆ ನೆಮ್ಮದಿಯಾಯಿತು. ಅದೂ ಬೇಕಿತ್ತು.

ನಿಜವಾದ ತಪ್ಪು ನಡೆದಿದ್ದು ಬೇರೆ ಕಡೆ. ಹುಳುಕಡ್ಡಿ ಅಂತ ಕೊಟ್ಟ ಟ್ಯೂಬು ಮೂರು ಔಷಧಿ ಬೆರೆಸಿದ ಮುಲಾಮು. ಫಂಗಸ್‌ಗೊಂದು, ಬ್ಯಾಕ್ಟೀರಿಯಾಕ್ಕೊಂದು, ಜೊತೆಗೆ ಗಟ್ಟಿ ಸ್ಟೀರಾಯ್ಡು. ಚೀಟಿ ಇಲ್ಲದೆ ಕೊಡಬಾರದ್ದು, ಆದರೆ ಕೇಳಿದರೆ ಸಿಗುತ್ತಿತ್ತು. ಹಚ್ಚಿದ ನಾಲ್ಕೇ ದಿನಕ್ಕೆ ಮಚ್ಚೆ ಮಾಯ. ನಿಲ್ಲಿಸಿದ ಎರಡು ವಾರಕ್ಕೆ ಮತ್ತೆ ಹಾಜರ್, ಮೊದಲಿಗಿಂತ ಅಗಲವಾಗಿ. ಆಮೇಲೆ ಒಂದು ಕ್ಲಿನಿಕ್ಕಿನಲ್ಲಿ ಸೂಜಿ ಚುಚ್ಚಿದರು. ಅಬ್ಬಾ, ಎಂಥ ಸುಖ! ಒಂದು ವಾರದಲ್ಲಿ ಮೈ ನುಣ್ಣಗಾಯಿತು. ಅಣ್ಣನ ಮಗಳ ಮದುವೆಗೆ ಅರ್ಧ ತೋಳಿನ ಅಂಗಿ ಹಾಕಿಕೊಂಡು ಓಡಾಡಿದೆ. ಮೂರು ತಿಂಗಳಿಗೊಮ್ಮೆ ಸೂಜಿ, ನಡುವೆ ಮಾತ್ರೆ. ಅದರಲ್ಲೂ ಸ್ಟೀರಾಯ್ಡ್ ಇದೆ ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೊನೆಯ ಸಲ ಮಾತ್ರೆ ಮುಗಿದ ಮೇಲೆ ಅದು ಬಂದ ರೀತಿ ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಬೆನ್ನು, ತೊಡೆ, ಹೊಟ್ಟೆ ಎಲ್ಲಾ ಒಟ್ಟಿಗೆ ಕೆಂಪು. ಬೆಳಿಗ್ಗೆ ಎದ್ದರೆ ಹಾಸಿಗೆಯಲ್ಲಿ ಹಿಡಿ ತುಂಬ ಹೊಟ್ಟು. ಆಧಾರ್ ಕಾರ್ಡಿನ ಯಜಮಾನರು ಬಂದಿದ್ದು ಆ ದಿನಗಳಲ್ಲೇ.

ಮಾರನೇ ದಿನವೇ ಪ್ಯಾಸೆಂಜರ್ ರೈಲು ಹತ್ತಿ ಮೈಸೂರಿನ ದೊಡ್ಡಾಸ್ಪತ್ರೆಗೆ ಹೋದೆ. ಚರ್ಮದ ವಿಭಾಗದ ಮುಂದೆ ಉದ್ದದ ಸಾಲು. ಒಳಗಿದ್ದ ಡಾಕ್ಟರ್ ಮೇಡಂ ಒಬ್ಬರು ನನ್ನ ಮಂಡಿಯ ಮೇಲಿನ ಮಚ್ಚೆಯನ್ನು ಒಂದು ಗಾಜಿನ ಪಟ್ಟಿಯ ಅಂಚಿನಿಂದ ಮೆಲ್ಲಗೆ ಕೆರೆದರು. ಮೇಣದಬತ್ತಿ ಕೆರೆದರೆ ಉದುರುತ್ತಲ್ಲ, ಹಾಗೆ ಬಿಳಿ ಪುಡಿ ಉದುರಿತು. ಇನ್ನೂ ಕೆರೆದರು. ಒದ್ದೆಯಾದ ತೆಳ್ಳನೆ ಪೊರೆಯೊಂದು ಎದ್ದು ಬಂತು. ಅದರಡಿ ಸೂಜಿಮೊನೆಯಷ್ಟು ರಕ್ತದ ಚುಕ್ಕೆ. ಒಂದು, ಎರಡು, ಆಮೇಲೆ ಐದಾರು. "ಆಸ್ಪಿಟ್ಜ್" ಅಂತ ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ಹುಡುಗಿಗೆ ಹೇಳಿದರು. ಕೆರೆದಾಗ ಹೀಗೆ ರಕ್ತದ ಚುಕ್ಕೆ ಕಾಣೋ ಗುರುತಿಗೆ ಡಾಕ್ಟರುಗಳು ಹೇಳುವ ಹೆಸರಂತೆ ಅದು. ಆಮೇಲೆ ನನ್ನ ಕೈ ಹಿಡಿದು ಉಗುರು ನೋಡಿದರು. ಎರಡು ಉಗುರಿನಲ್ಲಿ ಸೂಜಿಯಲ್ಲಿ ಚುಚ್ಚಿದ ಹಾಗೆ ಸಣ್ಣ ಗುಣಿಗಳು. ನಾನೇ ಯಾವತ್ತೂ ಗಮನಿಸಿರಲಿಲ್ಲ.

"ಇದು ಸೋರಿಯಾಸಿಸ್. ಯಾರಿಗೂ ಅಂಟೋದಿಲ್ಲ. ಮನೇಲಿ ಯಾರಿಗಾದ್ರೂ ಇದೆಯಾ?"

"ಇಲ್ಲ ಮೇಡಂ."

"ಉಗುರು ಹೀಗಿರೋರು? ಬೆರಳಿನ ಕೀಲು ಊದಿಕೊಳ್ಳೋರು?"

ಅಪ್ಪ ಕಣ್ಮುಂದೆ ಬಂದರು. ಅಪ್ಪನ ಹೆಬ್ಬೆರಳಿನ ಉಗುರು ನಾನು ಚಿಕ್ಕವನಿದ್ದಾಗಿಂದ ನೋಡಿದ್ದೆ. ತುಂಬ ಗುಣಿ ಗುಣಿ. ಯೂರಿಯಾ ಮುಟ್ಟಿ ಮುಟ್ಟಿ ಹಂಗಾಗಿದೆ ಅಂತ ಮನೆಯಲ್ಲಿ ಹೇಳುತ್ತಿದ್ದರು. ಚಳಿಗಾಲ ಬಂದರೆ ಬೆರಳು ಊದಿ ಕುಡುಗೋಲು ಹಿಡಿಯೋಕಾಗುತ್ತಿರಲಿಲ್ಲ. ಅದಕ್ಕೆ ವಾಯು ಅಂತ ಹೆಸರು. ಅಪ್ಪ ತೀರಿಕೊಂಡು ಎಂಟು ವರ್ಷವಾಗಿತ್ತು. ಅವರಿಗೂ ಇದೇ ಇತ್ತು ಅಂತ ಈಗ ಯಾರೂ ಖಚಿತವಾಗಿ ಹೇಳೋಕಾಗಲ್ಲ. ಆದರೆ ಸೋರಿಯಾಸಿಸ್ ಇರುವ ಹತ್ತು ಜನರಲ್ಲಿ ಮೂವರವರೆಗೆ ಕೀಲಿಗೂ ತೊಂದರೆ ಬರಬಹುದು, ಕೆಲವರಿಗೆ ಚರ್ಮದ ಮೇಲೆ ಜಾಸ್ತಿ ಏನೂ ಕಾಣದೆ ಕೀಲಿಗೇ ಬರುತ್ತೆ ಅಂತ ಮೇಡಂ ಹೇಳಿದಾಗ, ಆ ಊದಿದ ಬೆರಳಿಗೆ ನಾವು ಹಾಕುತ್ತಿದ್ದ ಹುಣಸೆ ಸೊಪ್ಪಿನ ಶಾಖ ನೆನಪಾಯಿತು.

ಆವತ್ತು ಅವರು ಬಿಡಿಸಿ ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಚರ್ಮದ ತಳದಲ್ಲಿ ಹೊಸ ಜೀವಕೋಶ ಹುಟ್ಟಿ, ನಿಧಾನಕ್ಕೆ ಮೇಲೆ ಬಂದು, ಒಣಗಿ ಉದುರುವುದಕ್ಕೆ ಸಾಮಾನ್ಯವಾಗಿ ಒಂದು ತಿಂಗಳು ಬೇಕು. ಸೋರಿಯಾಸಿಸ್ ಇರುವ ಜಾಗದಲ್ಲಿ ಅದೇ ಕೆಲಸ ಮೂರರಿಂದ ಐದು ದಿನದಲ್ಲಿ ಮುಗಿದುಹೋಗುತ್ತದೆ. ಬಲಿಯದ ಬತ್ತ ಕುಯ್ದು ತಂದು ಕಣದಲ್ಲಿ ಒಟ್ಟಿದ ಹಾಗೆ. ಹಣ್ಣಾಗದ ಕೋಶಗಳು ಒಂದರ ಮೇಲೊಂದು ಕೂತು ಬಿಳಿ ಹೊಟ್ಟಾಗುತ್ತವೆ. ಇಷ್ಟು ಅವಸರ ಯಾಕೆ? ಮೈಯ ಕಾವಲಿಗೆ ಅಂತ ಇರುವ ಟಿ ಕೋಶಗಳು ಸುಮ್ಸುಮ್ನೆ ಕೂಗೆಬ್ಬಿಸುವುದರಿಂದ. ಟಿಎನ್‌ಎಫ್, ಇಂಟರ್‌ಲ್ಯೂಕಿನ್ 17, ಇಂಟರ್‌ಲ್ಯೂಕಿನ್ 23 ಅಂತ ಆ ಕೂಗನ್ನು ಹೊತ್ತೊಯ್ಯುವ ಪ್ರೋಟೀನುಗಳಿಗೆ ಹೆಸರುಗಳಿವೆ. ನನಗೆ ನಮ್ಮೂರಿನ ಹಂದಿ ಕಾವಲು ಜ್ಞಾಪಕಕ್ಕೆ ಬಂತು. ರಾತ್ರಿ ಯಾರೋ ಹಂದಿ ಬಂತು ಅಂತ ಸುಳ್ಳೇ ಕೂಗಿದರೆ ಊರಿನ ಹುಡುಗರೆಲ್ಲ ದೊಣ್ಣೆ ಹಿಡಿದು ಕಬ್ಬಿನ ಗದ್ದೆಗೆ ನುಗ್ಗುತ್ತಾರೆ. ಬೆಳಿಗ್ಗೆ ನೋಡಿದರೆ ಹಂದಿ ಬಂದೇ ಇರಲ್ಲ, ಕಬ್ಬು ಮಾತ್ರ ಮಲಗಿರುತ್ತೆ.

ಇಂಥ ಕಾವಲುಗಾರರನ್ನು ಹುಟ್ಟಿನಿಂದಲೇ ಪಡೆದಿರುತ್ತೀವಂತೆ. ಆರನೇ ವರ್ಣತಂತುವಿನ ಮೇಲೆ ಎಚ್‌ಎಲ್‌ಎ-ಸಿಡಬ್ಲ್ಯು6 ಅನ್ನೋ ಜೀನಿನ ಬಗೆಯೊಂದು ಇದೆ, ಚಿಕ್ಕ ವಯಸ್ಸಿನಲ್ಲಿ ಶುರುವಾಗುವವರಲ್ಲಿ ಅದು ಜಾಸ್ತಿ ಕಾಣುತ್ತದೆ. ಆದರೆ ಅದಿದ್ದವರಿಗೆಲ್ಲ ಕಾಯಿಲೆ ಬರೋದಿಲ್ಲ. ಒಂದೇ ಅಚ್ಚಿನ ಅವಳಿಗಳಲ್ಲೂ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬರದೆ ಇರಬಹುದು. ಅಂದರೆ ಯಾರೋ ಮೊದಲು ಕೂಗಬೇಕು. ಆ ಕೂಗು ಯಾವುದು ಅನ್ನೋದು ಒಬ್ಬೊಬ್ಬರಿಗೆ ಒಂದೊಂದು.

"ಒಂದು ಪುಸ್ತಕ ಇಡಿ" ಅಂದರು ಮೇಡಂ. "ಜಾಸ್ತಿ ಆದ ದಿನ ಬರೀರಿ. ಆಮೇಲೆ ಹಿಂದಿನ ದಿನ ಏನಾಯ್ತು ಅಂತ ನೋಡಬೇಡಿ. ಹದಿನೈದು ದಿನ ಹಿಂದಕ್ಕೆ ಹೋಗಿ ನೋಡಿ."

ಆ ಮಾತಿನ ತೂಕ ನನಗೆ ಆಗ ಗೊತ್ತಾಗಲಿಲ್ಲ. ಅವ್ವನ "ನಿನ್ನೆ ಏನ್ಲಾ ತಿಂದೆ"ಗೆ ಅದೇ ಉತ್ತರ ಅಂತ ಹೊಳೆಯೋಕೆ ಆರು ತಿಂಗಳು ಬೇಕಾಯಿತು.

ಅಂಗಡಿಯ ಸಾಲದ ಖಾತೆ ಪುಸ್ತಕವನ್ನೇ ತಿರುಗಿಸಿ ಹಿಂದಿನಿಂದ ಬರೆಯೋಕೆ ಶುರು ಮಾಡಿದೆ. ಮುಂದಿನಿಂದ ಯಾರು ಎಷ್ಟು ಜೆರಾಕ್ಸ್ ಬಾಕಿ, ಹಿಂದಿನಿಂದ ನನ್ನ ಮೈಯ ಬಾಕಿ. ಮೊದಲ ಮೂರು ತಿಂಗಳ ಬರವಣಿಗೆ ನೋಡಿದರೆ ಈಗ ನಗು ಬರುತ್ತದೆ. "ಮಂಗಳವಾರ. ಮೊಣಕೈ ಕೆಂಪು. ಬೆಳಿಗ್ಗೆ ಉಪ್ಪಿಟ್ಟು." ಇಷ್ಟೇ. ಉಪ್ಪಿಟ್ಟಿನ ಮೇಲೆ ನನಗೆ ಮೊದಲಿಂದಲೂ ಸಿಟ್ಟು.

ಆ ವರ್ಷ ನವೆಂಬರ್‌ನಲ್ಲಿ ಒಂದು ಭಾನುವಾರ ಊರಿಗೆ ಹೋಗಿದ್ದೆ. ಹಸುಗಳಿಗೆ ಸೋಗೆ ಬೇಕು ಅಂತ ಅಣ್ಣನ ಜೊತೆ ಕಬ್ಬಿನ ಗದ್ದೆಗೆ ಇಳಿದೆ. ಅರ್ಧ ತೋಳಿನ ಬನಿಯನ್ನು. ಕಬ್ಬಿನ ಗರಿಯ ಅಂಚು ಗೊತ್ತಲ್ಲ, ಸಣ್ಣ ಗರಗಸ. ಎಡಗೈ ಮೇಲೆ ಮೂರು ಗೀರು ಬಿತ್ತು. ಎರಡು ನೆಟ್ಟಗೆ, ಒಂದು ಕುಡುಗೋಲಿನ ಹಾಗೆ ಸೊಟ್ಟಗೆ. ಗದ್ದೆಗೆ ಇಳಿದವರಿಗೆ ಇದೆಲ್ಲ ಲೆಕ್ಕಕ್ಕೇ ಬರಲ್ಲ. ನಾಲೆ ನೀರಲ್ಲಿ ಕೈ ತೊಳೆದುಕೊಂಡು ಬಂದೆ. ಎರಡು ದಿನಕ್ಕೆ ಗೀರು ಒಣಗಿ ಗೆರೆಯೂ ಮಾಸಿತು.

ಹದಿಮೂರನೇ ದಿನ ಅಂಗಡಿಯಲ್ಲಿ ಹಾಳೆ ಜೋಡಿಸುತ್ತಿದ್ದೆ. ಮುಂಗೈ ತುರಿಸಿತು. ನೋಡಿದರೆ ಮೂರು ಕೆಂಪು ಗೆರೆ. ಎರಡು ನೆಟ್ಟಗೆ, ಒಂದು ಸೊಟ್ಟಗೆ. ವಾರದೊಳಗೆ ಗೆರೆಗಳು ದಪ್ಪವಾದವು, ಮೇಲೆ ಬಿಳಿ ಹೊಟ್ಟು ಕಟ್ಟಿತು. ಮಚ್ಚೆ ಅಂದರೆ ದುಂಡಗೆ ಇರುತ್ತೆ ಅಂದುಕೊಂಡಿದ್ದೆ. ಇಲ್ಲಿ ಕಬ್ಬಿನ ಗರಿ ಎಲ್ಲಿ ಗೀಚಿತ್ತೋ ಅಲ್ಲೇ, ಅಷ್ಟೇ ಉದ್ದ, ಅಷ್ಟೇ ಸೊಟ್ಟ. ಪುಸ್ತಕ ತೆಗೆದು ಹಿಂದಕ್ಕೆ ಹೋದೆ. "ಭಾನುವಾರ. ಊರು. ಸೋಗೆ ತಂದಿದ್ದು. ರಾತ್ರಿ ಕೋಳಿ ಸಾರು." ಕೋಳಿ ಸಾರಿನ ಕೆಳಗೆ ಅವತ್ತೇ ಗೆರೆ ಎಳೆದಿದ್ದೆ. ಈಗ ಅದನ್ನು ಹೊಡೆದುಹಾಕಿ ಸೋಗೆ ಕೆಳಗೆ ಗೆರೆ ಎಳೆದೆ.

ಕೈ ತೋರಿಸಿದಾಗ ಮೇಡಂ ಮುಖ ಅರಳಿತು. ನನಗೆ ಸ್ವಲ್ಪ ಬೇಜಾರೇ ಆಯಿತು ಅನ್ನಿ. ಕಲಿಯುವ ಹುಡುಗ ಹುಡುಗಿಯರನ್ನೆಲ್ಲ ಕರೆದು ತೋರಿಸಿದರು. ಇದಕ್ಕೆ ಕೋಬ್ನರ್ ಅಂತ ಹೆಸರು. 1870ರ ದಶಕದಲ್ಲಿ ಹೈನ್ರಿಚ್ ಕೋಬ್ನರ್ ಅನ್ನುವ ಜರ್ಮನ್ ವೈದ್ಯರು ತಮ್ಮ ರೋಗಿಗಳಲ್ಲಿ ಗುರುತಿಸಿದ್ದು. ಕುದುರೆ ಕಚ್ಚಿದ ಜಾಗದಲ್ಲಿ, ಹಚ್ಚೆ ಹಾಕಿಸಿಕೊಂಡ ಜಾಗದಲ್ಲಿ ಸೋರಿಯಾಸಿಸ್ ಎದ್ದಿತ್ತಂತೆ. ಅವರಿಗೆ ಕುದುರೆ, ನನಗೆ ಕಬ್ಬು. ಗಾಯವಾದ ಹತ್ತರಿಂದ ಇಪ್ಪತ್ತು ದಿನದಲ್ಲಿ ಕಾಣಿಸಿಕೊಳ್ಳೋದು ಸಾಮಾನ್ಯ ಅಂದರು.

ಅಲ್ಲಿಂದ ನನ್ನ ಮೈಯ ನಕ್ಷೆಯನ್ನೇ ಬೇರೆ ಥರ ಓದೋಕೆ ಶುರು ಮಾಡಿದೆ. ಮೊಣಕೈ ಯಾಕೆ? ದಿನಕ್ಕೆ ಹತ್ತು ಗಂಟೆ ಗಾಜಿನ ಕೌಂಟರ್ ಮೇಲೆ ಊರಿಕೊಂಡು ನಿಲ್ಲುತ್ತೇನೆ. ತಲೆ ಯಾಕೆ? ಹೊಟ್ಟು ಹೋಗಲಿ ಅಂತ ಬಾಚಣಿಗೆ ಹಲ್ಲಿನಲ್ಲಿ ಕೆರೆದು ಕೆರೆದು ಉದುರಿಸುತ್ತಿದ್ದೆ. ಬೆನ್ನು? ಭಾನುವಾರದ ಎಣ್ಣೆ ಸ್ನಾನಕ್ಕೆ ಅವ್ವ ತೆಂಗಿನ ನಾರಿನಲ್ಲಿ ತಿಕ್ಕುತ್ತಿದ್ದಳು, ನಂಜೆಲ್ಲ ಕಿತ್ತುಹೋಗುವ ಹಾಗೆ. ಸೊಂಟದ ಸುತ್ತ ಬಳೆಯ ಹಾಗೆ ಎದ್ದಿದ್ದು ಮಾತ್ರ ನನಗೆ ಹೊಳೆಯಲಿಲ್ಲ. ಮೇಡಂ ಬೆರಳು ತೋರಿಸಿದರು. ಉಡಿದಾರ!

ಕೌಂಟರ್ ಮೇಲೆ ಟವೆಲ್ ಮಡಚಿ ಇಟ್ಟೆ. ನಾರು ಬಿಟ್ಟೆ. ಬಾಚಣಿಗೆ ಬಿಡೋದು ಕಷ್ಟವಾಯಿತು, ಕೈ ತಾನಾಗೇ ಹೋಗುತ್ತೆ. ಉಡಿದಾರ ತೆಗೆಯುತ್ತೇನೆ ಅಂದಾಗ ಮನೆಯಲ್ಲಿ ಒಂದು ಸಣ್ಣ ಯುದ್ಧವೇ ನಡೆಯಿತು. ಬದುಕಿರೋ ಗಂಡಸು ಉಡ್ದಾರ ಕೀಳ್ತಾನೇನ್ಲಾ ಅಂತ ಅವ್ವ ಎರಡು ದಿನ ಮಾತು ಬಿಟ್ಟಳು. ಕೊನೆಗೆ ಹತ್ತಿಯ ನೂಲು, ಸಡಿಲವಾಗಿ, ಬನಿಯನ್ನಿನ ಮೇಲೆ ಅಂತ ರಾಜಿಯಾಯಿತು. ಮೂರು ತಿಂಗಳಲ್ಲಿ ಬಳೆ ಮಾಸಿತು.

ಅವ್ವನ ಎಲ್ಲಾ ಮಾತೂ ಸುಳ್ಳಾಗಲಿಲ್ಲ. ಸ್ನಾನವಾದ ಕೂಡಲೇ, ಮೈ ಇನ್ನೂ ಹಸಿಯಿರುವಾಗಲೇ ಕೊಬ್ಬರಿ ಎಣ್ಣೆ ಸವರಿಕೋ ಅಂತ ಅವಳು ಹೇಳುತ್ತಿದ್ದಳು. ಮೇಡಂ ಹೇಳಿದ್ದೂ ಅದನ್ನೇ. ಡಿಸೆಂಬರ್, ಜನವರಿಯ ಒಣ ಚಳಿಯಲ್ಲಿ ಚರ್ಮ ಬಿರಿದರೆ ಆ ಬಿರುಕೂ ಒಂದು ಗಾಯವೇ. ಕುದಿಯುವ ನೀರಿನ ಸ್ನಾನ ಬಿಟ್ಟು ಉಗುರುಬೆಚ್ಚಗಿನ ನೀರಿಗೆ ಬಂದೆ. ಎಳೆಬಿಸಿಲಲ್ಲಿ ಸ್ವಲ್ಪ ಹೊತ್ತು ಕೂತರೆ ಹಿತ. ಆದರೆ ಮೈ ಸುಡುವಷ್ಟು ಬಿಸಿಲಾದರೆ ಅದೂ ಕೆರಳಿಸುತ್ತೆ.

ಇನ್ನು ಬದನೆಕಾಯಿ. ಸೋರಿಯಾಸಿಸ್‌ಗೆ ಎಲ್ಲರೂ ಬಿಡಲೇಬೇಕು ಅನ್ನುವಂಥ ತರಕಾರಿ ಯಾವುದೂ ಇಲ್ಲ ಅಂತ ಮೇಡಂ ಹೇಳಿದ್ದರು. ತೂಕ ಇಳಿಸಿ, ಕುಡಿಯೋದು ಸೇದೋದು ಬಿಡಿ, ಅಡುಗೆಮನೆ ಕಡೆ ಆಮೇಲೆ ನೋಡೋಣ ಅಂದರು. ನನಗೆ ಮಾತು ಸಾಕಾಗಲಿಲ್ಲ, ಲೆಕ್ಕ ಬೇಕಿತ್ತು. 2020ರ ಸಂಕ್ರಾಂತಿಯಿಂದ ಒಂದು ವರ್ಷ ಬದನೆಕಾಯಿ ತಿಂದ ದಿನವೆಲ್ಲ ಪುಸ್ತಕದಲ್ಲಿ "ಬ" ಅಂತ ಬರೆದೆ. ಒಟ್ಟು 23 "ಬ" ಬಂದವು. ಪ್ರತಿಯೊಂದರ ಮುಂದೆ ಮೂರು ವಾರ ನೋಡಿದೆ. ಕೆರಳಿದ್ದು ಎರಡು ಸಲ. ಆ ಎರಡರಲ್ಲಿ ಒಂದು ಸಲ ಕೈ ಮೇಲೆ ಗೀರಿತ್ತು. ಇದು ನನ್ನೊಬ್ಬನ ಲೆಕ್ಕ ಅಷ್ಟೇ, ಇನ್ನೊಬ್ಬರ ಮೈಗೆ ಬೇರೆ ಇದ್ದೀತು. ಆದರೆ ಒಂದೂವರೆ ವರ್ಷ ಎಣ್ಣೆಗಾಯಿ ಬಿಟ್ಟಿದ್ದೆನಲ್ಲ, ಆ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ.

ಆ ಜನವರಿಯಲ್ಲೇ ಗಂಟಲು ಕೆಟ್ಟಿತು. ಎಂಜಲು ನುಂಗೋಕಾಗದಷ್ಟು ನೋವು, ಜ್ವರ. ವಾಸಿಯಾಗಿ ಮರೆತೂ ಬಿಟ್ಟಿದ್ದೆ. 18 ದಿನದ ಮೇಲೆ ಹೆಂಡತಿ ಬೆನ್ನು ನೋಡಿ, "ಇದೇನ್ರೀ, ಕುಂಕುಮದ ನೀರು ಚಿಮುಕಿಸಿದಂಗಿದೆ" ಅಂದಳು. ಸಣ್ಣ ಸಣ್ಣ ಹನಿ. ಅವಳು ಹೇಳಿದ ರೀತಿಗೆ ನನಗೆ ಥಟ್ಟನೆ 2002 ನೆನಪಾಯಿತು. ಸೆಕೆಂಡ್ ಪಿಯುಸಿ. ಪರೀಕ್ಷೆ ಹತ್ತಿರ ಇದ್ದಾಗ ಹೀಗೇ ಗಂಟಲು ನೋವು ಬಂದು ಹೋಗಿ, ಆಮೇಲೆ ಹೊಟ್ಟೆ ಬೆನ್ನ ಮೇಲೆಲ್ಲ ಇದೇ ಹನಿ. ಅಲರ್ಜಿ ಅಂದಿದ್ದರು. ಎರಡು ಮೂರು ತಿಂಗಳಲ್ಲಿ ತಾನಾಗೇ ಹೋಗಿತ್ತು. ಅಂದರೆ ನನ್ನ ಸೋರಿಯಾಸಿಸ್ ಶುರುವಾಗಿದ್ದು 32ಕ್ಕಲ್ಲ, 17ಕ್ಕೆ. ಸ್ಟ್ರೆಪ್ಟೊಕಾಕಸ್ ಅನ್ನುವ ಗಂಟಲಿನ ಬ್ಯಾಕ್ಟೀರಿಯಾ ಇದಕ್ಕೆ ಹೆಸರುವಾಸಿಯಂತೆ. ಗಂಟಲು ವಾಸಿಯಾದ ಮೇಲೆ ಒಂದರಿಂದ ಮೂರು ವಾರಕ್ಕೆ ಹನಿ ಹನಿಯಾಗಿ ಏಳುತ್ತದೆ. ಗಂಟಲು ಯಾವತ್ತು ನೋಯ್ತು ಅಂತ ಅಷ್ಟು ಹೊತ್ತಿಗೆ ಯಾರಿಗೆ ನೆನಪಿರುತ್ತೆ? ಹಿಂದಿನ ದಿನದ ಊಟ ನೆನಪಿರುತ್ತೆ.

2020ರ ಮಾರ್ಚ್ ಕೊನೆಗೆ ಲಾಕ್‌ಡೌನ್. ಅಂಗಡಿ ಬಂದ್. ಮೆಷಿನ್ ಮೇಲಿನ ಸಾಲದ ಕಂತು ಬಂದ್ ಆಗಲಿಲ್ಲ. ನಿದ್ದೆ ಕೆಟ್ಟಿತು. ಎಂಟು ಕೆಜಿ ಜಾಸ್ತಿಯಾದೆ. ಸಂಜೆ ಹೊತ್ತು ಗೆಳೆಯರ ಜೊತೆ ಎರಡು ಪೆಗ್ ಅಭ್ಯಾಸವಾಯಿತು. ಮೈ ಕೆರಳಿತು. ಟೆನ್ಶನ್‌ನಿಂದಲೋ, ತೂಕದಿಂದಲೋ, ಪೆಗ್ಗಿನಿಂದಲೋ? ಈ ತಿಂಗಳುಗಳ ಪುಟಗಳನ್ನು ಎಷ್ಟು ತಿರುವಿದರೂ ಬಿಡಿಸೋಕಾಗಲಿಲ್ಲ. ಮೂರೂ ಕೆರಳಿಸುವಂಥವೇ. ಜೊತೆಗೆ ಮೈ ಕೆರಳಿದ್ದೇ ಒಂದು ಟೆನ್ಶನ್. ಅದು ಇದನ್ನು ತಳ್ಳುತ್ತೆ, ಇದು ಅದನ್ನು ತಳ್ಳುತ್ತೆ. "ಟೆನ್ಶನ್ ಮಾಡ್ಕೋಬೇಡಿ" ಅಂತ ಸಲಹೆ ಕೊಡುವವರನ್ನು ಕಂಡರೆ ನನಗೆ ಟೆನ್ಶನ್ ಆಗುತ್ತಿತ್ತು. ಪೆಗ್ಗು ಬಿಡೋದು ನನ್ನ ಕೈಲಿತ್ತು, ಬಿಟ್ಟೆ.

ಹದಿನೈದು ದಿನದ ಲೆಕ್ಕ ಒಂದು ಸಲ ಕೈಕೊಟ್ಟಿತು. 2022ರಲ್ಲಿ ತಿಂಗಳುಗಟ್ಟಲೆ ಮೈ ಹದಕ್ಕೇ ಬರಲಿಲ್ಲ. ಗೀರಿಲ್ಲ, ಗಂಟಲು ನೋವಿಲ್ಲ, ಕುಡಿತವಿಲ್ಲ. ಪುಸ್ತಕ ಹಿಂದೆ ಮುಂದೆ ತಿರುವಿದೆ, ಏನೂ ಸಿಗಲಿಲ್ಲ. ಮೈಸೂರಿಗೆ ಹೋದಾಗ ಮೇಡಂ, "ಬೇರೆ ಏನು ಮಾತ್ರೆ ತಗೋತಿದೀರಿ?" ಅಂದರು. ಬಿಪಿ ಮಾತ್ರೆ, ಅದು ಬಿಡಿ ಮೇಡಂ, ಚರ್ಮಕ್ಕಲ್ಲವಲ್ಲ ಅಂದೆ. ಹೆಸರು ಹೇಳಿ ಅಂದರು. ಮೆಟೊಪ್ರೊಲಾಲ್. ಬೀಟಾ ಬ್ಲಾಕರ್ ಅನ್ನುವ ಜಾತಿಯದು. ಶುರು ಮಾಡಿ ಐದು ತಿಂಗಳಾಗಿತ್ತು. ಈ ಜಾತಿಯ ಮಾತ್ರೆ, ಮನೋರೋಗಕ್ಕೆ ಕೊಡುವ ಲಿಥಿಯಂ, ಮಲೇರಿಯಾದ ಕ್ಲೋರೊಕ್ವಿನ್, ಇವು ಕೆಲವರಲ್ಲಿ ಸೋರಿಯಾಸಿಸ್ ಕೆರಳಿಸುತ್ತವಂತೆ. ಕೆಲವು ತಿಂಗಳುಗಟ್ಟಲೆ ಆದ ಮೇಲೆ. ನನ್ನ ಪುಸ್ತಕದಲ್ಲಿ ಮಾತ್ರೆಗೆ ಕಾಲಮ್ಮೇ ಇರಲಿಲ್ಲ. ಆ ಹೊತ್ತೇ ಮಾತ್ರೆ ಕಸದ ಬುಟ್ಟಿಗೆ ಹಾಕಬೇಕು ಅನ್ನಿಸಿತು. ಮೇಡಂ ಗದರಿದರು. ಇದನ್ನು ಏಕಾಏಕಿ ನಿಲ್ಲಿಸಿದರೆ ಹೃದಯಕ್ಕೆ ಅಪಾಯ. ಬಿಪಿ ನೋಡುವ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ಅವರು ಹಂತ ಹಂತವಾಗಿ ಇಳಿಸಿ ಬೇರೆ ಮಾತ್ರೆಗೆ ಬದಲಾಯಿಸಿದರು. ಮೈ ಹದಕ್ಕೆ ಬರೋಕೆ ಮತ್ತೆ ನಾಲ್ಕು ತಿಂಗಳು.

ಔಷಧಿಯ ಮಾತು ಜಾಸ್ತಿ ಹೇಳಲ್ಲ. ಅದು ಅವರವರ ಡಾಕ್ಟರ್ ಹೇಳಬೇಕಾದ್ದು. ನನಗೆ ಮೊದಲು ವಿಟಮಿನ್ ಡಿ ಜಾತಿಯ ಮುಲಾಮು, ಆಮೇಲೆ ಮೆಥೊಟ್ರೆಕ್ಸೇಟ್. ಇದು ವಾರಕ್ಕೆ ಒಂದೇ ದಿನ. ದಿನಾ ತಗೊಂಡರೆ ಪ್ರಾಣಕ್ಕೇ ಕುತ್ತು. ಚೀಟಿ ಮೇಲೆ "ಸೋಮವಾರ ಮಾತ್ರ" ಅಂತ ಬರೆದು ಸುತ್ತ ಗೆರೆ ಎಳೆದಿದ್ದರು. ಆ ಚೀಟಿಯನ್ನು ಅಂಗಡಿಯಲ್ಲೇ ದೊಡ್ಡದು ಮಾಡಿ ಜೆರಾಕ್ಸ್ ತೆಗೆದು ಫ್ರಿಜ್ ಮೇಲೆ ಅಂಟಿಸಿದೆ. ನಡುನಡುವೆ ರಕ್ತ ಪರೀಕ್ಷೆ, ಲಿವರ್ ನೋಡೋಕೆ. 311 ನ್ಯಾನೋಮೀಟರಿನ ನೇರಳಾತೀತ ಬೆಳಕಿನ ಚಿಕಿತ್ಸೆಯೂ ಒಂದಿತ್ತು. ವಾರಕ್ಕೆ ಮೂರು ಸಲ ಮೈಸೂರಿಗೆ ಓಡಾಡಿದರೆ ಅಂಗಡಿ ಯಾರು ನೋಡೋರು? ಬಿಟ್ಟೆ. ಒಂದು ವಾರದಲ್ಲಿ ಬುಡಸಮೇತ ಗುಣ ಅನ್ನುವ ಪೋಸ್ಟರುಗಳು ಬಸ್‌ಸ್ಟ್ಯಾಂಡಿನ ಗೋಡೆಯಲ್ಲಿ ಈಗಲೂ ಇವೆ. ಅವುಗಳ ಫೋನ್ ನಂಬರಿರುವ ಹಾಳೆಗಳನ್ನು ಎಷ್ಟೋ ಸಲ ನನ್ನ ಅಂಗಡಿಯಲ್ಲೇ ಜೆರಾಕ್ಸ್ ಮಾಡಿಸುತ್ತಾರೆ. ಮಾಡಿ ಕೊಡುತ್ತೇನೆ. ಹೊಟ್ಟೆಪಾಡು.

ಕಟಿಂಗ್ ಶಾಪಿನ ವಿಷಯ ಒಂದು ಬಾಕಿ ಇದೆ. ನನ್ನ ತಲೆ ಮುಟ್ಟೋಕೆ ಅವರು ಹಿಂದೆ ಮುಂದೆ ನೋಡುತ್ತಿದ್ದರು, ಬೈಯುವಂತಿಲ್ಲ, ಅವರಿಗೂ ಗಿರಾಕಿಗಳಿರುತ್ತಾರೆ. ಅಕ್ಟೋಬರ್ 29 ವಿಶ್ವ ಸೋರಿಯಾಸಿಸ್ ದಿನ. ಆ ದಿನ ಆಸ್ಪತ್ರೆಯಲ್ಲಿ ಕೊಟ್ಟ ಹಾಳೆಯಲ್ಲಿ, ಇದು ಅಂಟುರೋಗವಲ್ಲ ಅಂತ 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆಯೇ ನಿರ್ಣಯದಲ್ಲಿ ಹೇಳಿದ್ದು ಇತ್ತು. ಎ3 ಹಾಳೆಗೆ ದೊಡ್ಡದು ಮಾಡಿ ಕೊಟ್ಟೆ. ಕನ್ನಡಿ ಪಕ್ಕ ಅಂಟಿಸಿಕೊಂಡರು. ಈಗ ಅವರೇ ಬೇರೆ ಗಿರಾಕಿಗಳಿಗೆ ಪಾಠ ಹೇಳುತ್ತಾರೆ. ಬ್ಲೇಡು ತಾಗದ ಹಾಗೆ ಮೆಷಿನ್ನಿನಲ್ಲೇ ಕತ್ತರಿಸುತ್ತಾರೆ. ಕೋಬ್ನರ್ ಹೆಸರು ಮಾತ್ರ ಅವರ ಬಾಯಲ್ಲಿ ಕೋಪನಾರ್ ಆಗಿದೆ.

ಕಳೆದ ಚಳಿಗಾಲದಲ್ಲಿ ಮಗಳಿಗೆ ಗಂಟಲು ನೋವು ಬಂತು. ಹತ್ತು ವರ್ಷ ಅವಳಿಗೆ. ಜ್ವರ, ನುಂಗೋಕಾಗಲ್ಲ ಅಂತ ಅಳು. ಡಾಕ್ಟರ್ ಹತ್ತಿರ ತೋರಿಸಿ ಮಾತ್ರೆ ಹಾಕಿಸಿದೆವು, ಐದಾರು ದಿನಕ್ಕೆ ಆಟಕ್ಕೆ ಇಳಿದಳು. ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಸುಮಾರು ಹತ್ತರಲ್ಲಿ ಒಂದು ಅಂತ ಮೇಡಂ ಯಾವತ್ತೋ ಹೇಳಿದ್ದರು. ಹತ್ತರಲ್ಲಿ ಒಂಬತ್ತು ಬರಲ್ಲ ಅಂತಲೂ ಅದನ್ನೇ ಓದಬಹುದು. ಓದುತ್ತೇನೆ. ಆದರೂ ಅವತ್ತು ರಾತ್ರಿ ಖಾತೆ ಪುಸ್ತಕದಲ್ಲಿ ಒಂದು ಹೊಸ ಪುಟ ತೆಗೆದೆ. ಹೆಸರು ಬರೆಯಲಿಲ್ಲ, ಬರೀ ತಾರೀಖು.

ಹದಿನೈದನೇ ದಿನ ಭಾನುವಾರ ಬಿತ್ತು. ಹೆಂಡತಿ ಅವಳಿಗೆ ಎಣ್ಣೆ ಹಚ್ಚಿ ಕೂರಿಸಿದ್ದಳು. ನಾನು ಹಿಂದೆ ಹೋಗಿ ಕೂತು, ಕಿಟಕಿಯ ಬೆಳಕಿಗೆ ಬೆನ್ನು ತಿರುಗಿಸಿಕೊಂಡೆ. ಭುಜದಿಂದ ಸೊಂಟದವರೆಗೆ ಬೆರಳಾಡಿಸಿ ನೋಡಿದೆ.

"ಅಪ್ಪಾ, ಕಚಗುಳಿ! ಏನ್ ಹುಡುಕ್ತಿದೀಯ?"

"ಏನಿಲ್ಲ, ಎಣ್ಣೆ ಸರಿಯಾಗಿ ಹತ್ತಿದೆಯಾ ಅಂತ."

ಒಳಗೆ ಮುದ್ದೆ ತಿರುವುತ್ತಿದ್ದ ಅವ್ವನಿಗೆ ಕೇಳಿಸಿತು. ಕೋಲು ನಿಲ್ಲಿಸಿ ಕೂಗಿದಳು.

"ಯಾಕ್ಲಾ, ಕೂಸಿನ್ ಮೈಮೇಲೇನಾದ್ರೂ ಬಂತಾ? ನಿನ್ನೆ ಏನ್ ತಿಂದ್ಲು?"

"ಏನೂ ಬಂದಿಲ್ಲ ಅವ್ವ" ಅಂದೆ. ಇಪ್ಪತ್ತೊಂದು ದಿನದವರೆಗೂ ದಿನಾ ಒಂದು ಟಿಕ್ ಹಾಕಿದೆ. ಏನೂ ಬರಲಿಲ್ಲ. ಆ ಪುಟ ಪುಸ್ತಕದಲ್ಲೇ ಇದೆ.